ಎದುರು ಮಾತಿಗೆ ಬಂದವಳು

ಆಗಸ್ಟ್ 9

ಸಕಲಕಲಾಸಮುದ್ರಚಂದ್ರಿಕೆಯೂ, ನವರಸನಿರ್ಝರಿಣಿಯೂ, ಎದುರು ಮಾತು ಹೇಳಲು ಬಂದು ಎದುರಿಗಿದ್ದವನ ಸೀಟನ್ನೇ ಅಲಂಕರಿಸಿದ ಮಹಾಮಹಿಮಳೂ, ಹುಟ್ಟಿದಾಗಿನಿಂದ ಒಮ್ಮೆಯೂ ಬಚ್ಚಲುಮನೆಯ ಬಕೆಟ್ಟು ತುಂಬಿಸಿಡದ ಕೀರ್ತಿಶಾಲಿನಿಯೂ ಆದ ಅಕ್ಕನವರ ದಿವ್ಯ ಸನ್ನಿಧಾನಕ್ಕೆ,

ಸೋದರಮಾವನ ಕನ್ನಡಕದಂಗಡಿಯ ಮೂಲೆಯ ಸ್ಟೂಲಿನ ಮೇಲೆ ಆಸೀನನಾದ ತಮ್ಮನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸ್ಟೂಲಿನ ಮೇಲೆ ಕೂತು ಸಾಷ್ಟಾಂಗ ಹೇಗೆ ಎಂದು ಕೇಳಬೇಡಿ. ತಾವು ಕಲಿಯುತ್ತಿರುವ ವಿದ್ಯೆಯಲ್ಲಿ ಅದೆಲ್ಲ ಸಾಧ್ಯವಂತೆ.

ಮೊದಲ ವರ್ಷದವರ ಫೋನುಗಳನ್ನೆಲ್ಲ ಕಿತ್ತುಕೊಂಡು ಕಚೇರಿಯ ಬೀರುವಿನಲ್ಲಿ ಇಡುತ್ತಾರೆಂದು ತಿಳಿದು ಬಹಳ ಸಂತೋಷವಾಯಿತು. ಪರದೆ ನೋಡುವವರಿಗೆ ಮುಖ ನೋಡಲು ಬರುವುದಿಲ್ಲ ಎಂದು ನಿಮ್ಮ ಗುರುಗಳು ಹೇಳಿದರಂತೆ. ಒಳ್ಳೆಯ ಮಾತು. ಹೀಗಾಗಿ ನಾನು ಅಂಚೆಯವನ ಮೂಲಕ ನನ್ನ ಹೊಟ್ಟೆಯುರಿಯನ್ನು ಕಳಿಸಬೇಕಾಗಿದೆ. ಲಕೋಟೆ ಬೆಚ್ಚಗಿದ್ದರೆ ಗಾಬರಿ ಬೇಡ.

ಇತ್ತ ಎಲ್ಲರೂ ಕ್ಷೇಮ. ಅಮ್ಮ ಕ್ಷೇಮಕ್ಕಿಂತ ಒಂದು ಕೈ ಮೇಲೆ. ತರಕಾರಿ ತರಲು ಹೋದರೆ ‘ನಮ್ಮ ಹುಡುಗಿ ಯೂನಿವರ್ಸಿಟೀಲಿ ಆಕ್ಟಿಂಗ್ ಓದ್ತಿದಾಳೆ’ ಎಂದು ಬದನೆಕಾಯಿಗೂ ಹೇಳಿ ಬರುತ್ತಾಳೆ. ಮಗ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ‘ಅವನು ಅವರ ಮಾವನ ಜೊತೆ ಇದಾನೆ’ ಎಂದು ಬೇಗ ಮುಗಿಸುತ್ತಾಳೆ, ಮನೆಗೆ ಬಂದವರಿಗೆ ಬಚ್ಚಲು ಎಲ್ಲಿದೆ ಎಂದು ತೋರಿಸುವ ಹಾಗೆ. ಮೊನ್ನೆ ಅಂಗಡಿಗೆ ಬಂದು ಒಬ್ಬ ಗಿರಾಕಿಯ ಮುಂದೆ ನಿನ್ನ ಗುಣಗಾನ ಶುರು ಮಾಡಿದಳು. ನಾನು ಸಾಲಾಗಿ ಜೋಡಿಸಿಟ್ಟಿದ್ದ ಕನ್ನಡಕದ ಡಬ್ಬಿಗಳನ್ನು ಮತ್ತೊಮ್ಮೆ ಸಾಲಾಗಿ ಜೋಡಿಸಿದೆ. ಬೇರೆ ಏನು ಮಾಡಲಿ?

ಇನ್ನು ಇತಿಹಾಸ. ಮುಂದಿನ ಪೀಳಿಗೆಗೆ ಗೊತ್ತಿರಲಿ ಎಂದು ಬರೆದಿಡುತ್ತಿದ್ದೇನೆ. ಅರ್ಜಿ ಹಾಕಿದ್ದು ನಾನು. ಸೆರೆಯಲ್ಲಿರುವ ರಾಜ ಕಾವಲುಗಾರನಿಗೆ ತನ್ನ ಕಥೆ ಹೇಳುವ ದೃಶ್ಯ ಬರೆದದ್ದು ನಾನು. ರಾಜನಾಗಿ ಎರಡು ಪುಟ ಮಾತು ಬಾಯಿಪಾಠ ಮಾಡಿ ಅರಚಿದ್ದು ನಾನು. ಕಾವಲುಗಾರನ ಮಾತು ಹೇಳಲು ಒಬ್ಬರು ಬೇಕಿತ್ತು, ನೀನು ಬಂದೆ. ನಿನ್ನ ಪಾಲಿಗಿದ್ದದ್ದು ‘ಆಮೇಲೆ?’ ಎಂಬ ಒಂದೇ ಮಾತು. ಅದನ್ನೇ ಅಲ್ಲಲ್ಲಿ ಹೇಳಬೇಕಿತ್ತು, ಅಷ್ಟೆ. ಆಯ್ಕೆ ಸಮಿತಿಯವರು ನನಗೆ ‘ಧನ್ಯವಾದ’ ಎಂದರು. ನಿನ್ನನ್ನು ಕೂರಿಸಿ ಅರ್ಜಿ ಬರೆಸಿಕೊಂಡರು. ಪೆನ್ನು ನನ್ನದು.

ಆ ಪೆನ್ನು ಇನ್ನೂ ವಾಪಸು ಬಂದಿಲ್ಲ.

ಒಂದೇ ಪ್ರಶ್ನೆ ಅಕ್ಕಾ. ಯಾಕೆ ನಿನ್ನನ್ನು ತೆಗೆದುಕೊಂಡರು? ‘ಆಮೇಲೆ?’ ಎನ್ನುವುದರಲ್ಲಿ ಅಂಥದ್ದೇನಿತ್ತು? ನಾನು ಕನ್ನಡಿಯ ಮುಂದೆ ನಿಂತು ಹಲವು ಬಗೆಯಲ್ಲಿ ಹೇಳಿ ನೋಡಿದೆ. ಕನ್ನಡಿ ನನಗೆ ಸೀಟು ಕೊಡಲಿಲ್ಲ.

ಇತಿ,
ದೃಷ್ಟಿದಾತ, ಫ್ರೇಮ್‌ಭೂಷಣ, ಗಾಜುಕೋವಿದ,
ನಿನ್ನ ತಮ್ಮ

———

ಸೆಪ್ಟೆಂಬರ್ 2

ಲೋ ಕೋತಿ,

ನಿನ್ನ ಪತ್ರವನ್ನು ಹಾಸ್ಟೆಲಿನಲ್ಲಿ ಗಟ್ಟಿಯಾಗಿ ಓದಿದೆ. ಬದನೆಕಾಯಿ ಬಂದಾಗ ನನ್ನ ಕೋಣೆಯವಳು ಮಂಚದಿಂದ ಬಿದ್ದಳು. ನಿನ್ನ ತಮ್ಮನನ್ನು ಇಲ್ಲಿಗೆ ಕರೆಸು ಎಂದಳು. ನಿನಗೆ ಇದನ್ನು ಹೇಳಬಾರದಿತ್ತೇನೋ, ಹೇಳಿಬಿಟ್ಟೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಬೆಳಿಗ್ಗೆ ಮರದ ಹಲಗೆಯ ನೆಲದ ಮೇಲೆ ಅಂಗಾತ ಮಲಗಿ ಉಸಿರಾಡುವುದು ಮೊದಲ ಪಾಠ. ನಾವು ಇಷ್ಟು ವರ್ಷ ತಪ್ಪಾಗಿ ಉಸಿರಾಡುತ್ತ ಬದುಕಿದ್ದೇವಂತೆ. ಆಮೇಲೆ ಧ್ವನಿಯ ಪಾಠ, ಹಲ್ಲುಗಳ ನಡುವೆ ಬಾಟಲಿಯ ಬಿರಡೆ ಕಚ್ಚಿಕೊಂಡು ಮಾತಾಡಬೇಕು. ಬಿರಡೆ ತೆಗೆದ ಮೇಲೆ ಮಾತು ತೊಳೆದಿಟ್ಟ ಪಾತ್ರೆಯ ಹಾಗೆ ಹೊರಗೆ ಬರುತ್ತದೆ. ಅಭಿನಯದ ಮೇಡಂಗೆ ನಾವೆಲ್ಲ ಗುಂಡುಸೂಜಿ ಎಂದು ಹೆಸರಿಟ್ಟಿದ್ದೇವೆ. ಆಕೆ ಜೋರಾಗಿ ಮಾತಾಡುವುದಿಲ್ಲ, ಚುಚ್ಚಿದ್ದು ಸಂಜೆ ಗೊತ್ತಾಗುತ್ತದೆ. ಕುರ್ಚಿಯಿಂದ ಏಳುವುದನ್ನೇ ಒಂದು ವಾರ ಕಲಿಸಿದರು. ನಾನು ಎದ್ದೆ.

‘ಯಾಕೆ ಎದ್ದೆ?’ ಎಂದರು.

‘ಪಾಠದಲ್ಲಿ ಏಳಬೇಕು ಅಂತ ಇದೆಯಲ್ಲ ಮೇಡಂ.’

‘ಹಾಗಾದ್ರೆ ಕೂತ್ಕೋ. ಏಳೋಕೆ ಕಾರಣ ಸಿಕ್ಕಾಗ ಏಳು.’

ಆ ದಿನ ಊಟದ ಗಂಟೆ ಹೊಡೆಯುವವರೆಗೂ ನನಗೆ ಕಾರಣ ಸಿಗಲಿಲ್ಲ.

ದೃಶ್ಯಗಳಲ್ಲಿ ನನ್ನ ಜೊತೆಗಾರ ಒಬ್ಬ ಉದ್ದನೆಯ ಹುಡುಗ, ಅವನಿಗೆ ಕಂಬ ಎನ್ನುತ್ತಾರೆ. ಒಳ್ಳೆಯವನು. ಹೇಳಿದ ಮಾತನ್ನು ತಪ್ಪಿಲ್ಲದೆ ಹೇಳುತ್ತಾನೆ, ಹೇಳಿ ಮುಗಿಸಿ ನಿಲ್ಲುತ್ತಾನೆ. ಕ್ಯಾಮೆರಾದ ಮುಂದೆ ನಟಿಸುವ ಪಾಠವೂ ಇದೆ. ಅದೂ ಚೆನ್ನಾಗಿ ನಡೆದಿದೆ.

ಯಾಕೆ ತೆಗೆದುಕೊಂಡರು ಎಂದು ಕೇಳಿದ್ದೀಯ. ಅದೃಷ್ಟ ಕಣೋ. ಇನ್ನೇನು?

ಮಾವನಿಗೆ ಕೇಳಿದೆ ಎಂದು ಹೇಳು. ಅಮ್ಮನಿಗೆ ತರಕಾರಿಯ ಜೊತೆ ಮಾತು ಕಡಿಮೆ ಮಾಡಲು ಹೇಳು.

ನಿನ್ನ,
ಅಕ್ಕ

(ಪೆನ್ನು ಕಳೆದುಹೋಯಿತು.)

———

ಸೆಪ್ಟೆಂಬರ್ 14

ಅದೃಷ್ಟದೇವತೆಯ ಖಾಸಾ ದತ್ತುಪುತ್ರಿಯವರಿಗೆ,

ಪೆನ್ನಿನ ನಿಧನವಾರ್ತೆ ತಲುಪಿತು. ಮಾವ, ಅಮ್ಮ, ನಾನು ಒಂದು ನಿಮಿಷ ಮೌನ ಆಚರಿಸಿದೆವು. ಮಾವ ಅರ್ಧದಲ್ಲೇ ‘ಯಾರಿಗೆ ಏನಾಯ್ತೋ?’ ಎಂದು ಕೇಳಿದರು.

ಅದೃಷ್ಟ ಎಂದು ಬರೆದಿದ್ದೀರಿ. ಬಹಳ ವಿನಯ. ಗೆದ್ದವರು ಅದೃಷ್ಟ ಎನ್ನುತ್ತಾರೆ, ಸೋತವರು ಅನ್ಯಾಯ ಎನ್ನುತ್ತಾರೆ. ಎರಡೂ ಒಂದೇ ಅಂಗಡಿಯ ಮಾಲು, ಫ್ರೇಮು ಬೇರೆ.

ಇಲ್ಲೂ ನಟನೆಗೆ ಬರವಿಲ್ಲ. ನಿನ್ನೆ ಒಬ್ಬ ವಯಸ್ಸಾದ ಬಸ್ ಡ್ರೈವರ್ ಬಂದಿದ್ದ. ಕಣ್ಣಿನ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಅವನ ಕೈಯಿಂದ ಬಸ್ಸು ಹೋಗುತ್ತದೆ. ಗೋಡೆಯ ಅಕ್ಷರಗಳ ಹಲಗೆಯನ್ನು ಕೊನೆಯ ಸಾಲಿನವರೆಗೆ ಗಡಗಡ ಓದಿದ. ಮಾವ ಸುಮ್ಮನೆ ಹಲಗೆಯನ್ನು ತಿರುಗಿಸಿ ಹಿಂಬದಿಯ ಬಿಳಿ ರಟ್ಟು ತೋರಿಸಿದರು. ಅವನು ಅದನ್ನೂ ಗಡಗಡ ಓದಿದ. ಎಂಥ ನಿಷ್ಠೆ! ಇಂಥವನಿಗೆ ನಿಮ್ಮ ಗುಂಡುಸೂಜಿಯವರು ಸೀಟು ಕೊಡುತ್ತಿದ್ದರೋ ಇಲ್ಲವೋ? ಇಲ್ಲ, ಅವನ ಪಕ್ಕದಲ್ಲಿ ಛತ್ರಿ ಹಿಡಿದು ನಿಂತಿದ್ದ ಮಗಳಿಗೆ ಕೊಡುತ್ತಿದ್ದರು.

ಕಂಬನ ವಿಷಯ ಓದಿದೆ. ಚಿಕ್ಕವರಿದ್ದಾಗ ಹಾಸಿಗೆಯ ಚಾದರ ಕಟ್ಟಿ ಪರದೆ ಮಾಡಿ ಆಡುತ್ತಿದ್ದಾಗ ನಿನ್ನ ಎದುರಿಗೆ ರಾಕ್ಷಸನಾಗಿದ್ದು ನಾನು, ರಾಕ್ಷಸನ ಹೆಂಡತಿಯೂ ನಾನು, ಸತ್ತ ಮೇಲೆ ಹೆಣ ಎಳೆಯುವ ಸೇವಕನೂ ನಾನು. ಈಗ ಎದುರಿಗೆ ಕಂಬವಂತೆ. ‘ಹೇಳಿ ಮುಗಿಸಿ ನಿಲ್ಲುತ್ತಾನೆ.’ ಕಂಬ ಇನ್ನೇನು ಮಾಡಬೇಕು?

ಒಂದು ನಿಮಿಷ. ಕನ್ನಡಕ ಮಸುಕಾಗಿದೆ, ತೆಗೆದು ಒರೆಸಿಕೊಂಡು ಮುಂದುವರಿಸುತ್ತೇನೆ.

ಹಾಂ. ನಮ್ಮೂರಿನ ಹವ್ಯಾಸಿ ನಾಟಕ ತಂಡದವರು ಮುಖ್ಯ ಪಾತ್ರಕ್ಕೆ ನನ್ನನ್ನೇ ಕೇಳಿಕೊಂಡು ಬಂದಿದ್ದರು. ಬಹಳ ಒತ್ತಾಯ ಮಾಡಿದರು. ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ. ನನಗೆ ಈಗ ಅಂಗಡಿಯ ಕೆಲಸದಲ್ಲೇ ತೃಪ್ತಿಯಿದೆ.

ಇತಿ,
ತೃಪ್ತ

———

ಅಕ್ಟೋಬರ್ 6

ಲೋ,

ಮುಖ್ಯ ಪಾತ್ರ ಒಪ್ಪಿಕೋ. ಅಂಗಡಿ ಸಂಜೆ ಮುಚ್ಚುತ್ತದಲ್ಲ, ಯೋಚನೆ ಯಾಕೆ? ಯಾವ ನಾಟಕ, ಯಾವಾಗ, ಬರಿ.

ನನಗೆ ನಿನ್ನಿಂದ ಒಂದು ಉಪಕಾರ ಆಗಬೇಕು. ಗುಂಡುಸೂಜಿ ಮೇಡಂ ನಮಗೊಂದು ಅಭ್ಯಾಸ ಕೊಟ್ಟಿದ್ದಾರೆ. ಬದುಕಿರುವ ಒಬ್ಬ ಮನುಷ್ಯನನ್ನು ಚೆನ್ನಾಗಿ ನೋಡಿ, ಅವನನ್ನು ಹಾಗೆಯೇ ರಂಗಕ್ಕೆ ತರಬೇಕು. ಅಣಕ ಅಲ್ಲ. ಅವನು ಕೂರುವುದು, ಏಳುವುದು, ಸುಮ್ಮನಿರುವುದು. ಹೆಚ್ಚಿನವರು ಹೊರಗೆ ಹೋಗಿ ಕ್ಷೌರಿಕನನ್ನೋ ಗೇಟು ಕಾಯುವವನನ್ನೋ ನೋಡುತ್ತಿದ್ದಾರೆ. ನನಗೆ ಬೇರೆ ಪಾಠಗಳಲ್ಲೇ ಹೊತ್ತು ಹೋಗುತ್ತಿದೆ. ಮಾವನನ್ನು ಮಾಡೋಣ ಅನ್ನಿಸಿತು. ಆದರೆ ಮಾವನನ್ನು ನಾನು ನೋಡಿರುವುದು ಊಟಕ್ಕೆ ಕೂತಾಗ ಮಾತ್ರ. ಅಂಗಡಿಯ ಮೇಜಿನ ಹಿಂದೆ ಅವರು ಹೇಗಿರುತ್ತಾರೆ, ಗಿರಾಕಿಯ ಜೊತೆ ಹೇಗೆ, ಗಿರಾಕಿ ಹೋದ ಮೇಲೆ ಹೇಗೆ, ಇದೆಲ್ಲ ನೀನು ದಿನವೂ ನೋಡುತ್ತೀಯ. ನಿನ್ನ ಕಣ್ಣು ಸ್ವಲ್ಪ ದಿನಕ್ಕೆ ಸಾಲ ಕೊಡು.

ನಾವೇ ನಮ್ಮ ಕಣ್ಣಾರೆ ನೋಡಿರಬೇಕು ಎಂಬುದು ಇಲ್ಲಿನ ನಿಯಮ. ಆದ್ದರಿಂದ ಯಾರಿಗೂ ಹೇಳಬೇಡ. ಅಷ್ಟೇನೂ ಮುಖ್ಯವಾದದ್ದಲ್ಲ, ಸುಮ್ಮನೆ ಒಂದು ಅಭ್ಯಾಸ.

ಬೇಗ ಬರಿ. ತಮಾಷೆ ಕಡಿಮೆ ಇರಲಿ.

ಅಕ್ಕ

———

ಅಕ್ಟೋಬರ್ 11

ಬೇಡುವವರ ಕುಲಕ್ಕೆ ಭೂಷಣಪ್ರಾಯಳಾದ, ಕಣ್ಣಿಲ್ಲದೆ ಕಲಾವಿದೆಯಾಗಲು ಹೊರಟ ಧೀರೆಗೆ,

ತಮ್ಮ ಆಜ್ಞೆಯಂತೆ ಸೋದರಮಾವನವರ ಅಂಗಚೇಷ್ಟೆಗಳ ಕುರಿತ ಈ ಮಹಾಪ್ರಬಂಧವನ್ನು ಸಲ್ಲಿಸುತ್ತಿದ್ದೇನೆ. ಗಾಂಭೀರ್ಯದಿಂದ ಓದತಕ್ಕದ್ದು.

ಮಾವನವರು ಮೇಜಿನ ಹಿಂದೆ ಕೂರುವುದಿಲ್ಲ, ನಿಲ್ಲುತ್ತಾರೆ. ಎರಡು ಕಾಲ ಮೇಲಲ್ಲ. ಒಂದು ಪಾದವನ್ನು ಇನ್ನೊಂದರ ಮೇಲಿಟ್ಟು, ಕೊಳದ ಕೊಕ್ಕರೆಯ ಹಾಗೆ. ಯಾರಾದರೂ ಬಂದರೆ ಕೆಳಗಿನ ಪಾದ ಬಿಡಿಸಿಕೊಳ್ಳಲು ಒದ್ದಾಡುತ್ತದೆ.

ಜೋಕು ಹೇಳುವ ಮುಂಚೆ ತಾವೇ ನಗುತ್ತಾರೆ. ಹೇಳಿದ ಮೇಲೆ ನಗುವುದಿಲ್ಲ. ಎದುರಿನವರ ಬಾಯನ್ನೇ ನೋಡುತ್ತಾರೆ, ಅಲ್ಲಿ ನಗು ಬಂತೋ ಇಲ್ಲವೋ ಎಂದು. ಬರದಿದ್ದರೆ ಅದೇ ಜೋಕನ್ನು ಇನ್ನಷ್ಟು ಜೋರಾಗಿ ಹೇಳುತ್ತಾರೆ.

ಬೇರೆಯವರನ್ನು ಯಾರಾದರೂ ಹೊಗಳಿದರೆ ಮಾವನವರಿಗೆ ಕೈ ಸುಮ್ಮನಿರುವುದಿಲ್ಲ. ಆಗಲೇ ಜೋಡಿಸಿದ್ದನ್ನು ಮತ್ತೆ ಜೋಡಿಸುತ್ತಾರೆ. ಹೊಗಳಿಕೆ ಉದ್ದವಾದಷ್ಟೂ ಸಾಲು ನೇರವಾಗುತ್ತದೆ.

ಕೊನೆಯದಾಗಿ, ಇದು ಮುಖ್ಯ. ಸುಳ್ಳು ಹೇಳುವ ಮುನ್ನ ಕನ್ನಡಕ ತೆಗೆಯುತ್ತಾರೆ. ‘ಈ ಫ್ರೇಮು ನಿಮ್ಮ ಮುಖಕ್ಕೇ ಅಂತ ಹುಟ್ಟಿದೆ’ ಎನ್ನಬೇಕಾದರೆ ಮೊದಲು ಕನ್ನಡಕ ಕೈಗೆ ಬರುತ್ತದೆ, ಅಂಗಿಯ ತುದಿಯಿಂದ ಒರೆಸಲು ಶುರು. ಒರೆಸುತ್ತ ಒರೆಸುತ್ತ ಸುಳ್ಳು. ಎದುರಿನವರ ಮುಖ ಮಸುಕಾದ ಮೇಲೆ ಸುಳ್ಳು ಹೇಳುವುದು ಸುಲಭ ತಾನೆ? ಹೇಳಿ ಮುಗಿದ ಮೇಲೆ ಮತ್ತೆ ಹಾಕಿಕೊಳ್ಳುತ್ತಾರೆ.

ಎಲ್ಲವನ್ನೂ ತಪ್ಪದೆ ಮಾಡು. ಒಂದನ್ನೂ ಬಿಡಬೇಡ. ಚೂರು ಹೆಚ್ಚೇ ಮಾಡಿದರೂ ನಷ್ಟವಿಲ್ಲ, ಮಾವ ಹಾಗೆಯೇ ಇರುವುದು. ಕಂಬನೂ ನೋಡಲಿ, ನಿನ್ನ ಇಡೀ ತರಗತಿ ನೋಡಲಿ.

ತಮಾಷೆ ಕಡಿಮೆ ಇದೆ ಎಂದು ಭಾವಿಸುತ್ತೇನೆ.

ಇತಿ,
ಸಾಲ ಕೊಟ್ಟವ

———

ಅಕ್ಟೋಬರ್ 30

ಮೌನಗೌರಿಯವರಿಗೆ,

ಪ್ರಬಂಧ ತಲುಪಿತೋ? ಪ್ರದರ್ಶನ ಆಯಿತೋ? ಮಾವನ ಕೊಕ್ಕರೆ ಭಂಗಿಗೆ ಚಪ್ಪಾಳೆ ಬಿತ್ತೋ, ಇನ್ನೇನಾದರೂ ಬಿತ್ತೋ? ತಿಳಿದುಕೊಳ್ಳುವ ಕುತೂಹಲದಿಂದ ಊಟ ಸೇರುತ್ತಿಲ್ಲ. ಅಂದರೆ ಎರಡನೆಯ ಸಲ ಬಡಿಸಿದ್ದು ಸೇರುತ್ತಿಲ್ಲ.

ತಮ್ಮ

———

ನವೆಂಬರ್ 5

ಅಕ್ಕಾ,

ಅಮ್ಮ ಇವತ್ತು ನಿಮ್ಮ ವಿಭಾಗದ ಕಚೇರಿಗೆ ಫೋನು ಮಾಡಿದ್ದಳು, ಕಂಬಳಿ ಕಳಿಸಬೇಕೋ ಎಂದು ಕೇಳಲು. ಅಲ್ಲಿನ ಗುಮಾಸ್ತರು ‘ಈ ತಿಂಗಳ ಪರೀಕ್ಷೆ ಆಗಲಿ, ಉಳೀತಾರೋ ಇಲ್ವೋ ನೋಡ್ಕೊಂಡು ಕಳಿಸಿ’ ಅಂದರಂತೆ. ಮನುಷ್ಯರನ್ನು ನೋಡಿ ತರುವ ಆ ಅಭ್ಯಾಸದಲ್ಲಿ ಸೋತವರನ್ನು ವರ್ಷದ ನಡುವೆಯೇ ಮನೆಗೆ ಕಳಿಸುತ್ತಾರಂತೆ. ಸಂಶಯ ಇರುವವರ ಸಾಲಿನಲ್ಲಿ ನಿನ್ನ ಹೆಸರು ಇದೆಯಂತೆ. ಅಮ್ಮ ಫೋನು ಇಟ್ಟು ಕಂಬಳಿಯನ್ನು ಮಡಿಸಿ ಮತ್ತೆ ಪೆಟ್ಟಿಗೆಗೆ ಹಾಕಿದಳು. ಇವತ್ತು ತರಕಾರಿಗೂ ಹೋಗಲಿಲ್ಲ.

ಅಷ್ಟೇನೂ ಮುಖ್ಯವಾದದ್ದಲ್ಲ ಎಂದು ಯಾಕೆ ಬರೆದೆ?

ನಾನು ಬರೆದದ್ದು ಒಂದೂ ನಿಜವಲ್ಲ. ಮಾವ ಕೊಕ್ಕರೆಯ ಹಾಗೆ ನಿಲ್ಲುವುದಿಲ್ಲ, ಅಕ್ಕಿಮೂಟೆಯ ಹಾಗೆ ಕೂರುತ್ತಾರೆ. ಜೋಕು ಹೇಳುವುದಿಲ್ಲ. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಾರೆ, ಮಲಗುವಾಗ ಬಿಟ್ಟರೆ ತೆಗೆಯುವುದೇ ಇಲ್ಲ. ಅವರು ಗಿರಾಕಿಗೆ ಸುಳ್ಳನ್ನೂ ಹೇಳುವುದಿಲ್ಲ, ‘ಇದು ನಿಮಗೆ ಒಪ್ಪಲ್ಲ, ಬೇರೆ ನೋಡಿ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ಮಾತಾಡುವಾಗ ಎಡಗೈ ಯಾವಾಗಲೂ ಮೇಜಿನ ಡ್ರಾಯರ್ ಮೇಲಿರುತ್ತದೆ. ಗಿರಾಕಿ ಹೋದ ಮೇಲೆ ‘ಹೂಂ’ ಎನ್ನುತ್ತಾರೆ, ಯಾರಿಗೂ ಅಲ್ಲ. ಇದು ಮಾವ. ಇದನ್ನು ಮಾಡು. ಮೊದಲು ಕಳಿಸಿದ್ದು ಒಂದೇ ದೇಹದಲ್ಲಿ ಹಿಡಿಸಲಾರದ ಚೇಷ್ಟೆಗಳನ್ನೆಲ್ಲ ತುಂಬಿ ನಾನು ಕಟ್ಟಿದ ಬೊಂಬೆ. ನೀನು ಅದನ್ನು ಹೊತ್ತು ಎಲ್ಲರ ಮುಂದೆ ಬೀಳಲಿ ಎಂದು ಕಟ್ಟಿದೆ.

ಬೀಳಲಿ ಎಂದಿದ್ದೆ. ಮನೆಗೇ ಬರಲಿ ಎಂದಿರಲಿಲ್ಲ.

ಈ ಪತ್ರ ಸಮಯಕ್ಕೆ ತಲುಪಲಿ.

ತಮ್ಮ

———

ನವೆಂಬರ್ 19

ತಮ್ಮಾ,

ನಿನ್ನ ಪತ್ರ ಬಂದಾಗ ನಾನು ಆಡಿ ಮುಗಿಸಿ ನಾಲ್ಕು ದಿನ ಆಗಿತ್ತು. ಮುಂಚೆ ಬಂದಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಅಡ್ಡ ಬಾಯಿ ಹಾಕದೆ ಓದು.

ಮೊದಲು ನನ್ನ ಸುಳ್ಳು. ಕ್ಯಾಮೆರಾ ಪಾಠ ಚೆನ್ನಾಗಿ ನಡೆದಿರಲಿಲ್ಲ. ವೇದಿಕೆಯ ಮೇಲೆ ಹೇಗೋ ನಡೆಯುತ್ತದೆ. ಕ್ಯಾಮೆರಾ ಮುಖದ ಹತ್ತಿರ ಬಂದರೆ ನನ್ನ ಮುಖ ಷಟರ್ ಎಳೆದುಬಿಡುತ್ತದೆ. ಕ್ಯಾಮೆರಾ ಮೇಷ್ಟ್ರು ಒಮ್ಮೆ ನಾನು ಆಡಿದ್ದನ್ನು ಎಲ್ಲರಿಗೂ ದೊಡ್ಡ ಪರದೆಯ ಮೇಲೆ ತೋರಿಸಿದರು. ‘ಅಂಗಡಿಗೆ ರಜೆ’ ಎಂದರು, ಎಲ್ಲರೂ ನಕ್ಕರು. ಇದನ್ನೆಲ್ಲ ನಿನಗೆ ಬರೆಯಲಿಲ್ಲ. ನೀನು ನಗುತ್ತೀಯ ಎಂದಲ್ಲ. ನಿನಗೆ ಸಮಾಧಾನ ಆಗಿಬಿಟ್ಟರೆ ಎಂದು.

ನಿನ್ನ ಮಹಾಪ್ರಬಂಧ ಹಿಡಿದು ಕನ್ನಡಿ ಗೋಡೆಯ ಕೋಣೆಗೆ ಹೋದೆ. ಪಾದದ ಮೇಲೆ ಪಾದ ಇಟ್ಟೆ. ಜೋಕಿಗೆ ಮುಂಚೆ ನಕ್ಕೆ, ಬಾಯಿ ನೋಡಿದೆ. ಖಾಲಿ ಡಬ್ಬಿಗಳನ್ನು ಜೋಡಿಸಿದೆ. ಮಾವ ಬರಲೇ ಇಲ್ಲ. ಆಮೇಲೆ ಬರಿ ಫ್ರೇಮು ಹಾಕಿಕೊಂಡು, ಅದನ್ನು ತೆಗೆದು, ಅಂಗಿಯ ತುದಿಯಿಂದ ಒರೆಸುತ್ತ ‘ಹೂದಾನಿ ಒಡೆದದ್ದು ಬೆಕ್ಕು, ಅಮ್ಮಾ’ ಎಂದೆ. ಯಾಕೆ ಆ ಮಾತೇ ಬಂತೋ ಗೊತ್ತಿಲ್ಲ. ಕನ್ನಡಿ ನೋಡಿದರೆ ಅಲ್ಲಿ ನಿಂತಿದ್ದವನು, ಚಿಕ್ಕಂದಿನಲ್ಲಿ ಹೂದಾನಿ ಒಡೆದು ನಿಂತಿದ್ದ ನೀನು.

ಲೋ, ಆ ಬೊಂಬೆಯನ್ನು ನೀನು ಕಟ್ಟಿದ್ದಲ್ಲ. ಒಂದೇ ದೇಹದಲ್ಲಿ ಹಿಡಿಸಲಾರದು ಎಂದು ಬರೆದಿದ್ದೀಯ. ಹಿಡಿಸುತ್ತದೆ. ನಿನಗೆ ಕನ್ನಡಕ ಬಂದ ದಿನದಿಂದ ನಿನ್ನ ಸುಳ್ಳನ್ನು ನಾನು ಹಾಗೆಯೇ ಗುರುತಿಸುತ್ತ ಬಂದಿದ್ದೇನೆ. ಅಮ್ಮನಿಗೂ ಗೊತ್ತು. ಮುಖ್ಯ ಪಾತ್ರಕ್ಕೆ ಕರೆದರು ಎಂದು ಬರೆಯುವ ಮುಂಚೆ ಏನು ಮಾಡಿದೆ ಎಂದು ನೀನೇ ಬರೆದಿದ್ದೀಯ, ಬೇಕಾದರೆ ಪತ್ರ ವಾಪಸು ಕಳಿಸುತ್ತೇನೆ, ಓದಿಕೋ.

ಪರೀಕ್ಷೆಯ ದಿನ ಅದನ್ನೇ ಮಾಡಿದೆ. ಮೊದಲು ಎಲ್ಲರೂ ನಕ್ಕರು. ಗುಂಡುಸೂಜಿ ಮೇಡಂ ಕಂಬನನ್ನು ಗಿರಾಕಿ ಮಾಡಿ ಕಳಿಸಿದರು. ಅವನು ಪಾಪ, ಹೊಳೆದದ್ದನ್ನು ಹೇಳಿದ, ಪಕ್ಕದ ಅಂಗಡಿಯವನು ತುಂಬ ಒಳ್ಳೆಯವನು, ಒಳ್ಳೆಯ ಮಾಲು ಇಡುತ್ತಾನೆ ಎಂದು. ನನ್ನ ಕೈ ತಾನಾಗಿಯೇ ಡಬ್ಬಿಗಳಿಗೆ ಹೋಯಿತು. ಅವನು ಹೊಗಳುತ್ತಲೇ ಇದ್ದ, ನಾನು ಜೋಡಿಸುತ್ತಲೇ ಇದ್ದೆ. ನಗು ನಿಂತಿತು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ‘ಹೌದು, ಅವರು ಬಹಳ ಒಳ್ಳೆಯವರು, ನನಗೂ ಸಂತೋಷ’ ಎಂದೆ.

ಮೇಡಂ ಕೈಯೆತ್ತಿ ಕಂಬನನ್ನು ನಿಲ್ಲಿಸಿದರು. ‘ಈ ಮನುಷ್ಯನಿಗೆ ಹೊಟ್ಟೆಕಿಚ್ಚು ಪಕ್ಕದ ಅಂಗಡಿ ಮೇಲಲ್ಲ’ ಎಂದರು. ‘ಪ್ರೀತಿ ಇರೋರ ಮೇಲೆ. ಅದಕ್ಕೇ ಪಾಪ, ಮುಖ ನೋಡೋಕಾಗ್ತಿಲ್ಲ. ಯಾರಿವನು?’

ಮಾವ ಎಂದು ಬರೆದುಕೊಟ್ಟಿದ್ದೆ. ‘ನನ್ನ ತಮ್ಮ’ ಎಂದೆ.

‘ಯಾರು ನೋಡಿದ್ದು?’

‘ನಾನೇ ಮೇಡಂ. ಅವನು ಹುಟ್ಟಿದಾಗಿನಿಂದ.’

ನಿನ್ನ ಹೊಟ್ಟೆಕಿಚ್ಚನ್ನು ಉಟ್ಟುಕೊಂಡು ಉಳಿದೆ ಕಣೋ. ಅದು ನನ್ನ ಅಳತೆಗೂ ಸರಿಯಾಗಿಯೇ ಇತ್ತು. ನೀನು ಬಾಯಿ ಬಿಟ್ಟರೆ ಮನೆಯೆಲ್ಲ ನಗುತ್ತದೆ, ಬಂದ ನೆಂಟರು ನಿನ್ನನ್ನೇ ಹುಡುಕುತ್ತಾರೆ, ನಾನು ಪಕ್ಕದಲ್ಲಿ ಲೋಟ ಹಿಡಿದು ನಿಂತಿರುತ್ತೇನೆ. ನನ್ನ ಕೋಣೆಯವಳು ಸಹ ನನ್ನನ್ನು ಬಿಟ್ಟು ನಿನ್ನನ್ನು ಕೇಳಿದಳು. ಎಷ್ಟು ಲೋಟಗಳನ್ನು ನಾನು ಮತ್ತೆ ಮತ್ತೆ ತೊಳೆದಿಟ್ಟಿದ್ದೇನೆಂದು ನೀನು ನೋಡಿಲ್ಲ. ನೀನು ಯಾವಾಗಲೂ ನಕ್ಕವರ ಕಡೆ ನೋಡುತ್ತಿದ್ದೆ.

ಇನ್ನು ನಿನ್ನ ಪ್ರಶ್ನೆ. ಅದೃಷ್ಟ ಅಲ್ಲ. ಯಾಕೆ ತೆಗೆದುಕೊಂಡಿರಿ ಎಂದು ಆ ದಿನ ಸಮಿತಿಯಲ್ಲಿದ್ದ ಮೇಡಂನ ಮೊದಲ ವಾರವೇ ಕೇಳಿದ್ದೆ. ‘ಅವನು ನಮಗೆ ಹೇಳ್ತಿದ್ದ. ನೀನು ಅವನ ಮಾತು ಕೇಳ್ತಿದ್ದೆ’ ಎಂದರು. ಅಷ್ಟೆ. ನೀನು ರಾಜನ ಸತ್ತ ಕುದುರೆಯ ಬಗ್ಗೆ ಹೇಳುವಾಗ ಸಮಿತಿಯ ಕಡೆ ತಿರುಗಿದ್ದೆ. ಕುದುರೆಗೆ ಏನಾಯಿತು ಎಂದು ನನಗೆ ನಿಜವಾಗಿಯೂ ತಿಳಿಯಬೇಕಿತ್ತು. ಅದಕ್ಕೇ ‘ಆಮೇಲೆ?’ ಎಂದೆ. ನಿನಗೆ ನೋವಾಗುತ್ತದೆ ಎಂದು ಇಷ್ಟು ದಿನ ಬರೆದಿರಲಿಲ್ಲ. ಈಗ ಆಗಲಿ ಬಿಡು. ನೀನು ನನ್ನನ್ನು ಬೀಳಿಸಲು ನೋಡಿದೆಯಲ್ಲ, ಲೆಕ್ಕ ಸರಿಹೋಯಿತು.

ಆದರೆ ನಾನಿನ್ನೂ ಪೂರ್ತಿ ದಾಟಿಲ್ಲ. ಡಿಸೆಂಬರ್ ಎಂಟರ ಸಂಜೆ ಕ್ಯಾಮೆರಾ ಪರೀಕ್ಷೆ. ಬರಿ ಮುಖ, ಹತ್ತಿರದಿಂದ. ಅದರಲ್ಲಿ ಷಟರ್ ಎಳೆದರೆ ಕಂಬಳಿ ಕಳಿಸುವುದು ಬೇಡ, ನಾನೇ ಬರುತ್ತೇನೆ. ದೃಶ್ಯ ನಾವೇ ಆರಿಸಬಹುದು. ನಾನು ನಿನ್ನ ಸೆರೆಮನೆಯ ರಾಜನನ್ನು ಆರಿಸಿದ್ದೇನೆ. ಈ ಸಲ ರಾಜ ನಾನು.

ಕ್ಯಾಮೆರಾದ ಪಕ್ಕದಲ್ಲಿ ಒಬ್ಬರು ಕೂತು ಕಾವಲುಗಾರನ ಮಾತು ಹೇಳಬೇಕು. ಕಂಬ ಕೂತು ಹೇಳಿ ನೋಡಿದ. ಅವನ ‘ಆಮೇಲೆ?’ ಕೇಳಿದರೆ ನನಗೆ ಬಸ್ಸು ಯಾವಾಗ ಎಂದು ಕೇಳಿದ ಹಾಗಾಗುತ್ತದೆ. ಹೊರಗಿನವರನ್ನು ಕರೆಸಬಹುದು ಎಂದು ಮೇಷ್ಟ್ರು ಒಪ್ಪಿದ್ದಾರೆ. ನೀನು ಬಾ.

ಮೊದಲೇ ಹೇಳಿಬಿಡುತ್ತೇನೆ. ನಿನ್ನ ಮುಖ ಎಲ್ಲೂ ಬರುವುದಿಲ್ಲ. ಧ್ವನಿಯನ್ನೂ ಕೊನೆಗೆ ತೆಗೆದುಹಾಕುತ್ತಾರೆ. ಯಾರೂ ನಿನ್ನನ್ನು ಯಾರು ಎಂದು ಕೇಳುವುದಿಲ್ಲ, ಕೂರಿಸಿ ಅರ್ಜಿ ಬರೆಸಿಕೊಳ್ಳುವುದೂ ಇಲ್ಲ. ಕುರ್ಚಿಯಲ್ಲಿ ಕೂತು ನನ್ನ ಮಾತು ಕೇಳಬೇಕು, ಅಲ್ಲಲ್ಲಿ ‘ಆಮೇಲೆ?’ ಎನ್ನಬೇಕು. ಬೇರೆ ಯಾರ ಕಡೆಯೂ ನೋಡಬಾರದು.

ಆಗುತ್ತದಾ?

ಅಕ್ಕ

———

ನವೆಂಬರ್ 26

ಸೆರೆವಾಸದಲ್ಲಿಯೂ ತೇಜಸ್ಸು ಕುಂದದ, ಒಂದು ಕುದುರೆ ಸತ್ತರೂ ಇನ್ನೊಬ್ಬರ ಹೊಟ್ಟೆಕಿಚ್ಚನ್ನೇರಿ ಸವಾರಿ ಮಾಡಬಲ್ಲ ರಾಜಾಧಿರಾಜರಿಗೆ, ಲೋಟತೊಳೆಯಂಭಟ್ಟ ಬಿರುದಾಂಕಿತರಿಗೆ,

ಕಾವಲುಗಾರನು ಮಂಡಿಯೂರಿ ಬಿನ್ನವಿಸಿಕೊಳ್ಳುವುದೇನೆಂದರೆ:

ತಮ್ಮ ಪತ್ರವನ್ನು ಒಂದೇ ಸಲ ಓದಿದೆ. ಎರಡನೆಯ ಸಲ ಓದುವ ಅಗತ್ಯ ಬೀಳಲಿಲ್ಲ. ಗುಂಡುಸೂಜಿಯವರ ಮಾತು ನನಗೆ ಒಂದಿಷ್ಟೂ ಚುಚ್ಚಲಿಲ್ಲ, ಆ ದಿನ ನಾನು ಸಮಿತಿಯ ಕಡೆ ತಿರುಗಿದ್ದು ಕುತ್ತಿಗೆ ಹಿಡಿದಿದ್ದರಿಂದ. ನನ್ನ ಅಂಗಚೇಷ್ಟೆಗಳನ್ನು ತಾವು ಅಷ್ಟು ಜನರ ಮುಂದೆ ಪ್ರದರ್ಶಿಸಿ ಕೀರ್ತಿ ಪಡೆದದ್ದು ಕೇಳಿ ಹೆಮ್ಮೆಯಾಯಿತು. ನನ್ನ ಪೆನ್ನು, ನನ್ನ ಸೀಟು, ನನ್ನ ದೃಶ್ಯ, ಈಗ ನನ್ನ ಕೊಕ್ಕರೆ ಕಾಲು ಸಹ ತಮ್ಮ ಪಾಲಾಗಿರುವುದು ಕಲೆಯ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಉಳಿದಿರುವುದು ಈ ಅಂಗಿಯೊಂದೇ, ಅದರ ತುದಿಯೂ ಒರೆಸಿ ಒರೆಸಿ ತೆಳ್ಳಗಾಗಿದೆ.

ಪತ್ರ ಓದುವಾಗ ಮಾವ ಎದುರಿಗಿದ್ದರು. ‘ಏನಂತೆ ಅವಳದು?’ ಎಂದರು. ಎಲ್ಲ ಚೆನ್ನಾಗಿದೆಯಂತೆ ಎಂದೆ. ಮಾವ ನನ್ನ ಕೈಯನ್ನೇ ನೋಡುತ್ತ ‘ಆ ಫ್ರೇಮು ಸವೀತದೆ ಕಣೋ, ಹಾಕ್ಕೊಂಡು ಮಾತಾಡು’ ಎಂದರು. ಅಂದರೆ ಇವರಿಗೂ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ನಾನು ಇಷ್ಟು ವರ್ಷ ಹೇಳಿದ ಸುಳ್ಳುಗಳ ಗತಿಯೇನು? ಬಸ್ ಡ್ರೈವರನು ಬಿಳಿ ರಟ್ಟು ಓದಿದ ಹಾಗಾಯಿತು ನನ್ನ ಬಾಳು.

ಸಂಜೆ ಅಂಗಡಿ ಮುಚ್ಚಿದ ಮೇಲೆ ಮಾವನನ್ನು ಎದುರಿಗೆ ಕೂರಿಸಿ ಅಭ್ಯಾಸ ಮಾಡಿದೆ. ಅವರು ತಮ್ಮ ಮೊಣಕಾಲು ನೋವಿನ ಕಥೆ ಹೇಳಬೇಕು, ನಾನು ‘ಆಮೇಲೆ?’ ಎನ್ನಬೇಕು. ಮೊದಮೊದಲು ನನ್ನ ಕಣ್ಣು ಕನ್ನಡಿಗಳ ಕಡೆಗೆ ಹೋಗುತ್ತಿತ್ತು. ಕನ್ನಡಕದಂಗಡಿಯಲ್ಲಿ ಎಲ್ಲಿ ತಿರುಗಿದರೂ ಕನ್ನಡಿ, ಏನು ಮಾಡಲಿ? ಆಮೇಲೆ ಮಾವ ಮೊಣಕಾಲು ಬಿಟ್ಟು ಅತ್ತೆ ತೀರಿಹೋದ ವರ್ಷಕ್ಕೆ ಬಂದರು. ನಾನು ‘ಆಮೇಲೆ?’ ಎನ್ನುವುದನ್ನು ಮರೆತೆ. ಅವರೇ ಹೇಳುತ್ತ ಹೋದರು. ಮುಗಿದ ಮೇಲೆ ‘ಹೂಂ’ ಎಂದರು. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ. ಮರೆತುಬಿಡು.

ಡಿಸೆಂಬರ್ ಎಂಟನೇ ತಾರೀಖು ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ.

ಅಮ್ಮ ಕಂಬಳಿ ಕಟ್ಟಿಕೊಟ್ಟಿದ್ದಾಳೆ. ‘ಅವಳು ಉಳೀತಾಳೆ, ತಗೊಂಡು ಹೋಗು’ ಎಂದಳು. ತರಕಾರಿಯವರಿಗೆ ‘ನಮ್ಮ ಇಬ್ಬರೂ ಮಕ್ಕಳು ಯೂನಿವರ್ಸಿಟೀಲಿ’ ಎಂದು ಹೇಳಿ ಬಂದಿದ್ದಾಳೆ. ತಿದ್ದಲು ಹೋಗಲಿಲ್ಲ, ಎಂಟನೇ ತಾರೀಖಿನ ಮಟ್ಟಿಗೆ ನಿಜವೇ ತಾನೆ.

ಇನ್ನು ಪ್ರತಿಜ್ಞಾವಿಧಿ. ಕ್ಯಾಮೆರಾದ ಪಕ್ಕದಲ್ಲಿ ಇದ್ದೂ ಇಲ್ಲದವನ ಹಾಗೆ ಕೂರುತ್ತೇನೆ. ನನ್ನ ಮುಖ ಬಾರದಿರುವುದು ನನಗೆ ದೊಡ್ಡ ನೆಮ್ಮದಿ. ಹೊಸ ಅಂಗಿ ಹೊಲಿಸಿರುವುದಕ್ಕೂ ಕೂದಲು ಕತ್ತರಿಸಿಕೊಂಡಿರುವುದಕ್ಕೂ ಈ ಪ್ರಯಾಣಕ್ಕೂ ಸಂಬಂಧವಿಲ್ಲ. ‘ಯಾರಪ್ಪ ಇವನು, ಆಮೇಲೆ ಅನ್ನೋದನ್ನ ಎಷ್ಟು ಚೆನ್ನಾಗಿ ಅಂದ’ ಎಂದು ಗುಂಡುಸೂಜಿಯವರು ಕೇಳಲಿ ಎಂಬ ಆಸೆ ಎಳ್ಳಷ್ಟೂ ಇಲ್ಲ, ಕೇಳಿದರೂ ಉತ್ತರ ಕೊಡುವುದಿಲ್ಲ. ಕಂಬನ ಮೇಲೆ ದ್ವೇಷವಿಲ್ಲ. ತಾವು ಗೆದ್ದರೆ ನನ್ನಷ್ಟು ಸಂತೋಷಪಡುವವರು ಭೂಮಂಡಲದಲ್ಲಿ ಇನ್ನೊಬ್ಬರಿರಲಾರರು. ನನಗೆ ಈಗ ತಮ್ಮ ಮೇಲೆ ಹೊಟ್ಟೆಕಿಚ್ಚು ಎಂಬುದು ಹೆಸರಿಗೂ ಇಲ್ಲ, ಪೂರ್ತಿಯಾಗಿ ಆರಿದೆ, ಬೂದಿಯೂ ತಣ್ಣಗಿದೆ.

ಇತಿ,
ತಮ್ಮ ಮುಖವನ್ನು ಬಿಟ್ಟು ಬೇರೆ ಕಡೆ ನೋಡದಿರಲು ಬದ್ಧನಾದ,
ಕಾವಲುಗಾರ

ಮರೆತಿದ್ದೆ. ಅಕ್ಷರಗಳು ಗೆರೆ ಬಿಟ್ಟು ಓಡಾಡುತ್ತಿದ್ದರೆ ಬೈಯಬೇಡ ಅಕ್ಕಾ. ಮಾವನ ಕಥೆ ಬರೆಯುವಾಗಲೂ ಬಸ್ಸಿನ ದಿನ, ಅಮ್ಮನ ಕಂಬಳಿ ಬರೆಯುವಾಗಲೂ ಕನ್ನಡಕ ಹಾಕಿಕೊಂಡಿದ್ದೆ. ಉಳಿದದ್ದೆಲ್ಲ ತೆಗೆದಿಟ್ಟು ಬರೆದದ್ದು.